ಏಳು ಗಂಟಿನ ಓಟ

ಗುಂಡ್ಲುಪೇಟೆಯವರು ಕಡಲು ನೋಡಬೇಕೆಂದರೆ ಕಾಡು ದಾಟಿ ಘಟ್ಟ ಇಳಿಯಬೇಕು. ವಯನಾಡಿನ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಕಲ್ಲಿಕೋಟೆ ಸೇರುವಷ್ಟರಲ್ಲಿ ಈರುಳ್ಳಿ ಲಾರಿಯ ಡ್ರೈವರಿಗೂ ಸಾಕಪ್ಪಾ ಸಾಕು ಅನ್ನಿಸುತ್ತದೆ. ಅಂಥ ಊರಿನಲ್ಲಿ, ಸಂತೆಮಾಳದ ಹಿಂದಿನ ಬೀದಿಯಲ್ಲಿ, ಹಡಗಿನ ವೇಗ ಅಳೆಯುವ ಹಗ್ಗವೊಂದಿತ್ತು ಎಂದರೆ ಯಾರು ನಂಬುತ್ತಾರೆ? ಇತ್ತು. ಅಬ್ದುಲ್ ರಹೀಮನ ಹಗ್ಗದ ಅಂಗಡಿಯ ಒಳಗೋಡೆಗೆ, ಮೂಗುದಾರ, ಮಿಣಿ, ಬಾವಿಹಗ್ಗಗಳ ಪಕ್ಕದಲ್ಲಿ ಅದೊಂದು ಬೇರೆ ಮೊಳೆಗೆ ತೂಗುತ್ತಿತ್ತು. ಗಿರಾಕಿಗಳು ಕೈ ಹಾಕಿದರೆ ರಹೀಮ, "ಅದು ಮಾರಾಟಕ್ಕಲ್ಲ ಕಣಣ್ಣ, ನನ್ ಮಗ್ಳುದು," ಅನ್ನುತ್ತಿದ್ದ.

ರಹೀಮ ಹರೆಯದಲ್ಲಿ ಮಾವನ ಬೆನ್ನುಹತ್ತಿ ಕಲ್ಲಿಕೋಟೆ ಪಕ್ಕದ ಬೇಪೂರು ಬಂದರಿಗೆ ಹೋಗಿ, ಕೆಲವು ವರ್ಷ ಪತ್ತೇಮಾರಿ ಎಂಬ ಸರಕಿನ ಹಾಯಿಹಡಗಿನಲ್ಲಿ ಖಲಾಸಿಯಾಗಿದ್ದವನು. ಆ ಹೊತ್ತಿಗಾಗಲೇ ಪತ್ತೇಮಾರಿಗಳಿಗೆ ಇಂಜಿನ್ ಬಂದಿತ್ತು, ಹಗ್ಗ ಬಿಟ್ಟು ವೇಗ ನೋಡುವವರು ಯಾರೂ ಇರಲಿಲ್ಲ. ಆದರೆ ಖಲಾಸಿಗಳ ಮೇಲಿನವನಾದ ಮುದುಕ ಸರಂಗನಿಗೆ ಹಳೆಯ ವಿದ್ಯೆಯ ಮೇಲೆ ಜೀವ. ನೆಲದ ಮೇಲಾದರೆ ಮರವೋ ಕಲ್ಲೋ ಹಿಂದಕ್ಕೆ ಹೋಗುವುದು ಕಾಣುತ್ತದೆ, ಸುತ್ತ ನೀರೇ ಇದ್ದರೆ ಓಡುತ್ತಿದ್ದೇವೋ ನಿಂತಿದ್ದೇವೋ ತಿಳಿಯುವುದು ಹೇಗೆ ಎಂದು ಕೇಳಿ, ಅವನೇ ಉತ್ತರ ಹೇಳುತ್ತಿದ್ದ. ಹಿಂದಿನವರು ಮರದ ತುಂಡೊಂದಕ್ಕೆ ಉದ್ದದ ಹಗ್ಗ ಕಟ್ಟಿ, ಹಗ್ಗಕ್ಕೆ ಸಮದೂರದಲ್ಲಿ ಗಂಟು ಹಾಕಿ, ಹಡಗಿನ ಹಿಂದೆ ನೀರಿಗೆ ಎಸೆಯುತ್ತಿದ್ದರು. ತುಂಡು ಬಿದ್ದಲ್ಲೇ ತೇಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಒಬ್ಬನ ಬೆರಳ ಸಂದಿಯಲ್ಲಿ ಜಾರುತ್ತದೆ. ಇನ್ನೊಬ್ಬನ ಕೈಯಲ್ಲಿ ಮರಳಿನ ಗಡಿಯಾರ. ಮರಳು ಮುಗಿಯುವಷ್ಟರಲ್ಲಿ ಎಷ್ಟು ಗಂಟು ಜಾರಿದವೋ ಅಷ್ಟು ಗಂಟು ಹಡಗಿನ ವೇಗ. ಇವತ್ತಿನ ಉಕ್ಕಿನ ಹಡಗಿನವರು ಯಾವ ಹಗ್ಗವನ್ನೂ ಬಿಡುವುದಿಲ್ಲ, ಆದರೂ ವೇಗವನ್ನು ಗಂಟಿನಲ್ಲೇ ಹೇಳುತ್ತಾರೆ.

ಗಂಟಿನಿಂದ ಗಂಟಿಗೆ ಹೆಚ್ಚುಕಡಿಮೆ ಎಂಟು ಮಾರು. ಎರಡು ತೋಳು ಚಾಚಿದರೆ ಒಂದು ಮಾರು. ಬಿಳಿಯರ ಭಾಷೆಯಲ್ಲೂ ಆ ಅಳತೆಗೆ ಫ್ಯಾದಮ್ ಎಂಬ ಹೆಸರು ಹುಟ್ಟಿದ್ದು ಅಪ್ಪಿಕೊಳ್ಳುವುದಕ್ಕೆ ಚಾಚಿದ ತೋಳಿನಿಂದಲೇ ಎಂದು ಸರಂಗ ಹೇಳಿದ್ದ. ಅವನು ಎರಡು ಬುದ್ಧಿಮಾತನ್ನೂ ಹೇಳಿದ್ದ. ಹಗ್ಗ ನೆನೆದರೆ ಕುಗ್ಗುತ್ತದೆ, ಮರಳು ಥಂಡಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಪಯಣಕ್ಕೆ ಮುಂಚೆ ಎರಡನ್ನೂ ಹೊಸದಾಗಿ ಅಳೆದುಕೊಳ್ಳಬೇಕು. ಇನ್ನೊಂದು, ಹಗ್ಗದವನ ಕಣ್ಣು ಹಗ್ಗದ ಮೇಲೇ ಇರಬೇಕು, ಮರಳಿನವನ ಕಣ್ಣು ಮರಳಿನ ಮೇಲೇ ಇರಬೇಕು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಇಣುಕಿದರೆ ಎಣಿಕೆ ತಪ್ಪುತ್ತದೆ. ರಹೀಮನಿಗೆ ಎರಡನೆಯದು ಚೆನ್ನಾಗಿ ನೆನಪುಳಿಯಿತು. ಮೊದಲನೆಯದನ್ನೂ ಅವನು ಮರೆತಿರಲಿಲ್ಲ ಅನ್ನುವುದೇ ಈ ಕಥೆಯ ಸಂಕಟ.

ಅವನಿಗೂ ಕುಲ್ಸುಂ ಬಿಗೂ ಮದುವೆಯಾಗಿ ಬಹಳ ವರ್ಷಕ್ಕೆ, ಇನ್ನು ಆಸೆ ಬಿಟ್ಟ ಮೇಲೆ, ನಾಜ್ನೀನ್ ಹುಟ್ಟಿದ್ದಳು. ಕಾಲು ನೆಲಕ್ಕೆ ತಾಗದ ಹುಡುಗಿ. ಉಪ್ಪು ತಾ ಎಂದು ಕಳಿಸಿದರೆ ಒಗ್ಗರಣೆ ಚಟಪಟ ಅನ್ನುವುದರೊಳಗೆ ಬಾಗಿಲಲ್ಲಿ ಇರುತ್ತಿದ್ದಳು. ಅವಳಿಗಾಗಿಯೇ ರಹೀಮ ಆ ಹಗ್ಗ ಹೊಸೆದದ್ದು. ನೆಲದ ಹಡಗು ಚಿಕ್ಕದು ಎಂದು ಮೂರು ಮೂರು ಮಾರಿಗೆ ಗಂಟು ಹಾಕಿದ. ಮರಳಿನ ಗಡಿಯಾರಕ್ಕೆ ಹಾಲುಪುಡಿಯ ಖಾಲಿ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಮರಳು ಎಲ್ಲಿಯವರೆಗೆ ಅನ್ನುವುದಕ್ಕೆ ಗೆರೆ ಕೊರೆದು, ಹೆಂಡತಿಯ ಕೈಗೆ ಕೊಟ್ಟ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಮೂವರಿಗೂ ಅದೇ ಹಬ್ಬ. ಕುಲ್ಸುಂ ಹೊಸ್ತಿಲ ಮೇಲೆ ಕೂತು ಡಬ್ಬಿಯ ತೂತಿನಿಂದ ಬೆರಳು ತೆಗೆದು "ಹೂಂ!" ಅನ್ನುವಳು. ನಾಜ್ನೀನ್ ಮರದ ತುಂಡು ಹಿಡಿದು ಬೀದಿಗುಂಟ ಓಡುವಳು. ಮರಳು ಮುಗಿದಾಗ ಕುಲ್ಸುಂ "ಬಸ್!" ಅನ್ನುವಳು, ರಹೀಮ ಹಗ್ಗವನ್ನು ಗಪ್ಪನೆ ಹಿಡಿದು ಎಣಿಕೆ ಕೂಗುವನು.

"ಅಬ್ಬಾ, ನಾನು ಹಡಗೋ ಮರದ ತುಂಡೋ?" ಎಂದು ಅವಳೊಮ್ಮೆ ಕೇಳಿದ್ದಳು. ಮನೆಮಾತು ಉರ್ದು, ಹೊಸ್ತಿಲು ದಾಟಿದರೆ ಗುಂಡ್ಲುಪೇಟೆಯ ಕನ್ನಡ. ಅವಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು.

"ನೀನೇ ಹಡಗು ಬೇಟಾ. ಮರದ ತುಂಡು ಈ ಅಂಗಡಿ. ನೋಡು, ಹುಟ್ಟಿದಾಗಿಂದ ನಿಂತಲ್ಲೇ ನಿಂತಿದೆ."

ಏಳು ಗಂಟು ಅವಳ ಓಟ. ಏಳನೆಯ ಗಂಟು ಜಾರುವ ಹೊತ್ತಿಗೆ ಅವಳು ಬೀದಿಯ ತುದಿಯ ಹುಣಸೆಮರದ ಹತ್ತಿರ ಇರುತ್ತಿದ್ದಳು. ಅರ್ಧ ದಾರಿ ದಾಟಿದ ಮೇಲೆ ಗೋಣಿ ಹಾಸಿ ಸೊಪ್ಪು, ಸಣ್ಣೀರುಳ್ಳಿ ಮಾರುವ ದೊಡ್ಡಮಾದಮ್ಮ, "ನಿಧಾನ ಕಣಮ್ಮಿ, ನನ್ ಸೊಪ್ಪೆಲ್ಲ ಆರೋಯ್ತದೆ!" ಎಂದು ಸುಮ್ಮನೆ ಗದರುವಳು.

ಉಡಿಗಾಲದ ಚೆಲುವಯ್ಯ ರಹೀಮನ ಹಳೆಯ ಗಿರಾಕಿ, ಗಿರಾಕಿಗಿಂತ ಹೆಚ್ಚಾಗಿ ಗೆಳೆಯ. ಚಾಮರಾಜನಗರದ ಅಂಗಡಿಗಳ ಹಗ್ಗ ಅವನಿಗೆ ಹಿಡಿಸದು, ಬಸ್ಸು ಹತ್ತಿ ಇಲ್ಲಿಗೇ ಬರುವನು. ಅವನು ಬಂದಾಗಲೆಲ್ಲ ನಾಜ್ನೀನ್ ಸ್ಕೂಲಿನಲ್ಲಿ ಕಲಿತದ್ದನ್ನು ಅವನ ಮೇಲೆ ಸುರಿಯುವಳು. ಮೈಲಿ ಅಂದರೆ ಹಿಂದಿನ ಕಾಲದ ಯಾವುದೋ ದೇಶದ ಸಿಪಾಯಿಗಳ ಸಾವಿರ ಜೋಡಿ ಹೆಜ್ಜೆ. ಫರ್ಲಾಂಗು ಅಂದರೆ ನೇಗಿಲ ಸಾಲು, ಎತ್ತು ನಿಲ್ಲದೆ ಒಂದೇ ಸಮ ಎಳೆಯುವಷ್ಟು ಉದ್ದ.

"ಪರ್ಲಾಂಗು ಅಂದ್ರೆ ಅದೇಯಾ?" ಎಂದು ಚೆಲುವಯ್ಯ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಕ್ಕಿದ್ದ. "ನಮ್ ಎತ್ಗೋಳ್ಗೆ ಯಾವ ಮೇಷ್ಟ್ರೂ ಏಳ್ಕೊಡ್ನಿಲ್ಲ ಕಣವ್ವ, ಅವ್ಕೇ ಗೊತ್ತು. ಒಂದು ದಮ್ಮಲ್ಲಿ ಎಷ್ಟು ಎಳೀತವೋ ಅಷ್ಟೇ ಸಾಲು. ಕೊನೇಲಿ ನಿಂತ್ಕಂಡು ಉಸ್ರು ತಗತವೆ, ಆಮೇಲೆ ತಿರುಗ್ತವೆ."

ಚಾಮರಾಜನಗರ ಜಿಲ್ಲೆಯಾದ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ ನಾಜ್ನೀನಳಿಗೆ ಗಂಟಲುನೋವು ಬಂತು, ಹಿಂದೆಯೇ ಜ್ವರ, ಅದರ ಹಿಂದೆ ಕೀಲುಗಳಲ್ಲಿ ಬಾವು. ಇವತ್ತು ಮಂಡಿ, ನಾಳೆ ಮೊಣಕೈ. ಕಷಾಯ ಕುಡಿಸಿದರು, ತಾಯಿತ ಕಟ್ಟಿಸಿದರು, ಇಂಜೆಕ್ಷನ್ ಹಾಕಿಸಿದರು. ಜ್ವರ ಇಳಿಯಿತು, ಬಾವು ಹೋಯಿತು, ಎಲ್ಲರೂ ಮರೆತರು. ಆ ಜ್ವರ ಹೋಗುವಾಗ ಏನನ್ನು ಹೊತ್ತುಕೊಂಡು ಹೋಯಿತು ಅನ್ನುವುದನ್ನು ಮೊದಲು ಹೇಳಿದ್ದು ಹಗ್ಗ.

ಐದು ಗಂಟು. ಜ್ವರದ ನಿಶ್ಶಕ್ತಿ ಅಂದುಕೊಂಡರು. ಮುಂದಿನ ಶುಕ್ರವಾರವೂ ಐದೇ. ಅದರ ಮುಂದಿನ ಶುಕ್ರವಾರವೂ ರಹೀಮ "ಐದು" ಎಂದಾಗ ಅವಳು ಮರದ ತುಂಡನ್ನು ಚರಂಡಿಗೆ ಎಸೆದು, ಏದುಸಿರು ಬಿಡುತ್ತಾ ಬಂದು ಒಳಗೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಊಟಕ್ಕೆ ಎಷ್ಟು ಕರೆದರೂ ಏಳಲಿಲ್ಲ.

"ಅಬ್ಬಾ, ನಾನು ಮುಳುಗೋ ಹಡಗಾ?" ಎಂದು ಗೋಡೆಯನ್ನೇ ಕೇಳಿದಳು.

ಮಗು ಅತ್ತರೆ ಆಟಿಕೆ ಕೊಡಬಹುದು, ಹಸಿದರೆ ಅನ್ನ ಕೊಡಬಹುದು. ಓಟ ಕೊಡು ಅಂದರೆ ಯಾವ ಅಂಗಡಿಯಿಂದ ತರುವುದು?

ಅದೇ ವಾರ ಚೆಲುವಯ್ಯ ಬಂದ. ಹಗ್ಗ ಎಳೆದು ನೋಡುತ್ತಾ ತನ್ನ ಪಾಡಿಗೆ ಹೇಳಿಕೊಂಡ. "ನಮ್ ಕೆಂದೆತ್ತು ಈ ಸಲ ಸೋತದೆ ಸಾಬ್ರೇ. ಮುಂಚಿನ ಉದ್ದುಕ್ಕೆ ಎಳೆಯಕಾಗಲ್ಲ. ಅದ್ಕೇ ಸಾಲ್ನೇ ಗಿಡ್ಡ ಮಾಡ್ಬುಟ್ಟೆ. ಮುಕ್ಕಾಲ್ಗೇ ತಿರುಗುಸ್ಬುಡ್ತೀನಿ. ಅದ್ಕೇನ್ ಗೊತ್ತಾದದು? ಸಾಲು ಮುಗೀತು ಅಂತ ಅದ್ಕೂ ಕುಸಿ."

ಅವನು ಬಾಯಿಗೆ ಬಂದದ್ದನ್ನು ಹೇಳಿ ಬಸ್ಸು ಹಿಡಿದು ಹೋದ. ಆ ಮಾತು ಮಾತ್ರ ಅಂಗಡಿಯಲ್ಲೇ ಉಳಿಯಿತು. ಗುರುವಾರ ಮಧ್ಯಾಹ್ನ, ಮಗಳು ಸ್ಕೂಲಿಗೆ ಹೋಗಿದ್ದಾಗ, ಕುಲ್ಸುಂ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ರಹೀಮ ಹಗ್ಗ ಇಳಿಸಿಕೊಂಡು ಗಂಟುಗಳನ್ನು ಬಿಚ್ಚಿದ. ಎರಡೂವರೆ ಎರಡೂವರೆ ಮಾರಿಗೆ ಹೊಸ ಗಂಟು ಹಾಕಿದ. ಹಗ್ಗ ಹೊಸೆಯುವವನ ಕೈ, ಹಳೆಯ ಗಂಟಿನ ಗುರುತೂ ಉಳಿಯಲಿಲ್ಲ. ಐದು ಇದ್ದದ್ದು ಆರಾದೀತು, ಮಗು ಒಂದು ತುತ್ತು ಹೆಚ್ಚಿಗೆ ಉಂಡೀತು, ಮೈಗೆ ಶಕ್ತಿ ಬಂದ ಮೇಲೆ ಮೆಲ್ಲಗೆ ಮೂರು ಮಾರಿಗೇ ತಂದರಾಯಿತು ಎಂದುಕೊಂಡ. ಯಾರ ಮನೆ ಹಾಳಾಗುತ್ತದೆ ಇದರಿಂದ?

ಶುಕ್ರವಾರ ಆರು ಬರಲಿಲ್ಲ. ಏಳು ಬಂತು!

ರಹೀಮ ಏಳು ಎಂದು ಕೂಗಿದ ಮೇಲೂ ತನ್ನ ಬೆರಳನ್ನು ತಾನೇ ನಂಬದೆ ನೋಡಿದ. ಒಂದು ಗಂಟು ತನ್ನ ಮೋಸ, ಸರಿ. ಇನ್ನೊಂದು? ಇನ್ನೊಂದು ಮಗುವಿನದೇ! ಮೈ ತಿರುಗುತ್ತಿದೆ, ಅಲ್ಲಾ ಕಣ್ಣು ಬಿಟ್ಟ ಅಂದುಕೊಂಡ. ಕುಲ್ಸುಂ ಡಬ್ಬಿ ಹಿಡಿದುಕೊಂಡೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾಜ್ನೀನ್ ದೊಡ್ಡಮಾದಮ್ಮನ ಗೋಣಿಯಿಂದ ಒಂದಷ್ಟು ಆಚೆ ನಿಂತು, ಬಾಗಿ, ಮಂಡಿ ಹಿಡಿದುಕೊಂಡು ನಗುತ್ತಿದ್ದಳು. ಆ ಸಂಜೆ ಅವಳು ಎರಡು ರೊಟ್ಟಿ ತಿಂದಳು. ಎರಡು ರೊಟ್ಟಿಯ ಮುಂದೆ ಜಗತ್ತಿನ ಯಾವ ಸತ್ಯ ದೊಡ್ಡದು ಎಂದು ಆವತ್ತು ರಹೀಮನನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದ.

ಒಮ್ಮೆ ಬಗ್ಗಿದ ಕೈ ಮತ್ತೆ ಬಗ್ಗುವುದು ಸುಲಭ. ಒಂದೆರಡು ತಿಂಗಳಲ್ಲಿ ಏಳು ಮತ್ತೆ ಆರರ ಕಡೆ ಜಾರಿತು. ರಹೀಮ ಗಂಟುಗಳನ್ನು ಎರಡೇ ಮಾರಿಗೆ ತಂದ. ಏಳು ವಾಪಸು ಬಂತು.

ಒಂದು ಶುಕ್ರವಾರ ಓಟ ಮುಗಿಸಿ ನಾಜ್ನೀನ್ ದೊಡ್ಡಮಾದಮ್ಮನ ಗೋಣಿಯ ಮೇಲೇ ಕೂತುಬಿಟ್ಟಳು. ರಹೀಮ ಹಗ್ಗ ಸುತ್ತಿಕೊಳ್ಳುತ್ತಾ ಹತ್ತಿರ ಬಂದಾಗ ಬೀದಿಯ ತುದಿಯನ್ನೇ ನೋಡುತ್ತಿದ್ದಳು.

"ಅಬ್ಬಾ, ಮುಂಚೆ ಏಳು ಅಂದರೆ ಹುಣಸೆಮರ. ಈಗ ಏಳು ಅಂದರೆ ಮಾದಮ್ಮಜ್ಜಿ. ಮರ ದೂರ ಹೋಗಿದೆಯಾ?"

ಆಗ ಸರಂಗನ ಮೊದಲನೆಯ ಬುದ್ಧಿಮಾತು ರಹೀಮನ ನೆರವಿಗೆ ಬಂತು. "ಹಗ್ಗ ನೆನೆದಿತ್ತಲ್ಲ ಬೇಟಾ, ಕುಗ್ಗಿದೆ. ಕಡಲಿನಲ್ಲೂ ಹಾಗೇ ಆಗುತ್ತೆ. ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ."

"ಸರಿ ಹಾಗಾದರೆ," ಎಂದು ಅವಳು ನಂಬಿದಳು. ಎಂಟೊಂಬತ್ತು ವರ್ಷದ ಮಗು ಅಪ್ಪನನ್ನು ನಂಬದೆ ಇನ್ನು ಯಾರನ್ನು ನಂಬಬೇಕು?

ಅವಳು ಮನೆಯ ಕಡೆ ನಡೆದ ಮೇಲೆ ದೊಡ್ಡಮಾದಮ್ಮ ರಹೀಮನ ಅಂಗಿ ಹಿಡಿದು ಎಳೆದಳು. "ಸಾಬಣ್ಣ, ನಿನ್ ಹಗ್ಗಿನ್ ಮಾತು ಅತ್ಲಾಗಿರ್ಲಿ. ಮಗೀನ್ ತುಟಿ ನೋಡ್ದಾ? ನೇರಳೆ ಅಣ್ಣು ತಿಂದಂಗೆ ಆಗದೆ. ಕುಂತ್ರೂ ಏದುಸ್ರು ಬತ್ತದೆ. ದೊಡ್ ಡಾಕ್ಟ್ರಿಗೆ ತೋರ್ಸಪ್ಪ, ನಿನ್ ಕಾಲಿಗ್ ಬೀಳ್ತೀನಿ."

ಚಾಮರಾಜನಗರದಲ್ಲಿ ಮಕ್ಕಳ ಎದೆರೋಗ ನೋಡುವ ಡಾಕ್ಟರೊಬ್ಬರಿದ್ದಾರೆ ಎಂದು ಹೇಳಿದವನು ಚೆಲುವಯ್ಯ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಮೂವರೂ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತ ನಾಜ್ನೀನ್ ದಾರಿಯುದ್ದಕ್ಕೂ ಕಿಲೋಮೀಟರು ಕಲ್ಲುಗಳನ್ನು ಓದಿದಳು. ಬಸ್ ಸ್ಟ್ಯಾಂಡಿನಲ್ಲಿ ಚೆಲುವಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದ. ಅಲ್ಲಿಂದ ಡಾಕ್ಟರ ಶಾಪಿಗೆ ನಡೆದು ಹೋಗುವಷ್ಟರಲ್ಲಿ ಮಗು ಎರಡು ಕಡೆ ನಿಂತಳು. ಒಂದು ಕಡೆ ರೇಷ್ಮೆಗೂಡಿನ ಮೂಟೆ ಇಳಿಸುವುದನ್ನು ನೋಡಬೇಕೆಂದಳು, ಇನ್ನೊಂದು ಕಡೆ ಮೇಕೆಮರಿ ನೋಡಬೇಕೆಂದಳು. ಅವಳು ನೋಡುತ್ತಿದ್ದುದು ಎರಡನ್ನೂ ಅಲ್ಲ, ಉಸಿರು ಹುಡುಕಿಕೊಳ್ಳುತ್ತಿದ್ದಳು.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಕನ್ನಡಕ ತೆಗೆದು, ಎದೆಯೊಳಗಿನ ಬಾಗಿಲೊಂದು ಆ ಜ್ವರದಲ್ಲಿ ಬೆಂದು ಕಿರಿದಾಗಿದೆ, ರಕ್ತ ಸಲೀಸಾಗಿ ಹೋಗುತ್ತಿಲ್ಲ, ಇವತ್ತಲ್ಲ ನಾಳೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ಅದನ್ನು ಬಿಡಿಸಲೇಬೇಕು ಎಂದರು.

"ಪ್ರಶ್ನೆ ಯಾವಾಗ ಅನ್ನೋದು. ಅಲ್ಲಿ ಮಕ್ಕಳ ಸಾಲು ಉದ್ದ ಇದೆ. ದಿನೇ ದಿನೇ ಸೋಲ್ತಿರೋ ಮಕ್ಕಳನ್ನ ಮೊದಲು ತಗೋತಾರೆ. ನಾನು ಹಾಗಂತ ಬರೆದುಕೊಟ್ಟರೆ ಈ ವಾರವೇ ತಗೋತಾರೆ. ನಿಜ ಹೇಳಿ, ಜ್ವರ ಬಿಟ್ಟ ಮೇಲೆ ಮಗು ಹೇಗಿತ್ತೋ ಹಾಗೇ ಇದೆಯಾ, ಇಳೀತಾ ಬಂದಿದೆಯಾ?"

ತಂದೆ ತಾಯಿ ಬಾಯಿ ಬಿಡುವ ಮೊದಲೇ ನಾಜ್ನೀನ್ ಹೇಳಿದಳು. "ಇಳಿದಿಲ್ಲ ಡಾಕ್ಟ್ರೇ. ಏಳು ಗಂಟು! ಅಬ್ಬಾ ಅಳೀತಾರೆ, ಅಮ್ಮಿ ಮರಳು ಹಿಡೀತಾರೆ. ಜ್ವರ ಬಂದಾಗ ಐದಾಗಿತ್ತು. ಆಮೇಲೆ ಏಳೇ."

ಡಾಕ್ಟರಿಗೆ ಕುತೂಹಲವಾಯಿತು. ಏನದು ಎಂದು ಕೇಳಿದರು. ರಹೀಮ ತಡವರಿಸುತ್ತಾ ಹಗ್ಗ, ಗಂಟು, ಡಬ್ಬಿಯ ವಿಷಯ ಹೇಳಿದ. ಅವರು ತಲೆದೂಗಿದರು. "ಪರವಾಗಿಲ್ಲಯ್ಯ! ಸುಮ್ಮನೆ 'ಸುಸ್ತು ಸಾರ್' ಅನ್ನೋವ್ರನ್ನೇ ನೋಡಿದ್ದೀನಿ, ಅಳೆದು ತಂದವರನ್ನ ಇವತ್ತೇ ನೋಡಿದ್ದು. ಪ್ರತಿ ವಾರ ಅಳೀತೀರಾ? ಒಂದೇ ಹಗ್ಗ, ಒಂದೇ ಡಬ್ಬಿ?"

"ಹೂಂ ಸಾರ್, ಅದೇ ಹಗ್ಗ, ಅದೇ ಡಬ್ಬಿ," ಎಂದ ರಹೀಮ. ಅದೂ ಸುಳ್ಳಲ್ಲ.

ಹೇಳಿಬಿಡಬೇಕು ಎಂದು ಅವನ ಗಂಟಲವರೆಗೆ ಬಂದಿತ್ತು. ಆದರೆ ಮಗು ಅವನ ತೋರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡು ಕಣ್ಣರಳಿಸಿ ನೋಡುತ್ತಿದ್ದಳು. ಇವಳ ಎದುರಿನಲ್ಲಿ, ನೀನು ಓಡಿದ್ದೆಲ್ಲ ಬರೀ ನಾಟಕ ಎಂದು ಹೇಗೆ ಹೇಳುವುದು? ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡು ಮಾರಿನ ಏಳು ಗಂಟು ಅಂದರೆ ಮೂರು ಮಾರಿನ ಲೆಕ್ಕಕ್ಕೆ ಐದಕ್ಕಿಂತ ಚೂರು ಕಡಿಮೆ. ಜ್ವರ ಬಿಟ್ಟಾಗಲೂ ಐದೇ ಇತ್ತು. ಅಂದರೆ ತನ್ನ ಮೋಸ ಕಳೆದರೂ ಮಗು ಇದ್ದಲ್ಲೇ ಇದೆ, ಇಳಿದಿಲ್ಲ. ಡಾಕ್ಟರು ಕೇಳಿದ್ದೂ ಅದನ್ನೇ ಅಲ್ಲವೇ? ಅವನು ಹೆಂಡತಿಯ ಕಡೆ ನೋಡಿದ. ಕುಲ್ಸುಂ ಕೂಡ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಿದಂತಾಯಿತು, ಮಾತು ಬರಲಿಲ್ಲ. ಸುಮ್ಮನಿರಿ ಅನ್ನುತ್ತಿದ್ದಾಳೆ ಎಂದು ಅವನು ಅಂದುಕೊಂಡ.

"ಹಾಗಾದರೆ ಅವಸರ ಬೇಡ," ಎಂದರು ಡಾಕ್ಟರು. "ಮೂರು ವಾರಕ್ಕೊಂದು ಇಂಜೆಕ್ಷನ್ ತಪ್ಪಿಸಬೇಡಿ. ಇನ್ನು ಓಡಿಸಬೇಡಿ, ಓಟ ಸಾಕು. ರಜಾ ಮುಗಿದು ಸ್ಕೂಲು ಶುರುವಾದ ಮೇಲೆ ಕರ್ಕೊಂಡು ಬನ್ನಿ, ಆಗ ಬೆಂಗಳೂರಿಗೆ ಬರೆದುಕೊಡ್ತೀನಿ. ಏದುಸಿರು ಜಾಸ್ತಿಯಾದರೆ ಮಾತ್ರ ಆವತ್ತೇ ಓಡಿಬನ್ನಿ."

ಹೊರಗೆ ಬಂದಾಗ ಚೆಲುವಯ್ಯ ಕೇಳಿದ. "ಏನಂದ್ರು ಸಾಬ್ರೇ?"

"ಅವಸರ ಇಲ್ಲ ಅಂದ್ರು ಚೆಲುವಣ್ಣ," ಎಂದ ರಹೀಮ. ಆ ಮಾತು ಬಾಯಿಯಲ್ಲಿ ಎಷ್ಟು ಸಿಹಿಯಾಗಿತ್ತೆಂದರೆ ಅವನು ಎಲ್ಲರಿಗೂ ಒಂದೊಂದು ಗ್ಲಾಸು ಕಬ್ಬಿನ ಹಾಲು ಕುಡಿಸಿದ.

ಹಗ್ಗ ಮೊಳೆಗೆ ಹೋಯಿತು, ಡಬ್ಬಿ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ನಾಜ್ನೀನ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೇಸಿಗೆ ಕಳೆದಳು. ಓಡಬೇಡ ಅಂದದ್ದಕ್ಕೆ ಅವಳೇನೂ ಅಳಲಿಲ್ಲ. ಏಳು ಗಂಟಿನ ಹಡಗು ಈಗ ಲಂಗರು ಹಾಕಿದೆ ಎಂದು ದೊಡ್ಡಮಾದಮ್ಮನಿಗೆ ಹೇಳಿಕೊಂಡಳು. ಬೇಸಿಗೆಯ ಕೊನೆಗೆ ಮೆಟ್ಟಿಲು ಹತ್ತಲೂ ಅಪ್ಪನ ತೋಳು ಬೇಕಾಯಿತು. ಸ್ಕೂಲು ಶುರುವಾಗಲಿ, ಇನ್ನೇನು ಬಂತಲ್ಲ ಎಂದು ಇಬ್ಬರೂ ಸಮಾಧಾನ ಹೇಳಿಕೊಂಡರು.

ಸ್ಕೂಲಿನ ಬಾಗಿಲು ತೆರೆಯುವ ವಾರ ಮೊದಲ ಮಳೆ ಬಂತು, ಮಳೆಯ ಜೊತೆಗೆ ಕೆಮ್ಮು ಬಂತು. ಒಂದು ಬೆಳಗ್ಗೆ ಎದ್ದವಳಿಗೆ ಮಲಗಿದರೆ ಉಸಿರಿಲ್ಲ, ಕೂತರೂ ಉಸಿರಿಲ್ಲ. ಚಾಮರಾಜನಗರದ ಬಸ್ಸಿಗೆ ಕಾಯುವ ಹೊತ್ತಲ್ಲ ಅದು. ಮೈಸೂರಿನ ಕಡೆ ಹೊರಟಿದ್ದ ಈರುಳ್ಳಿ ಲಾರಿಯವನು ಮಗುವಿನ ಮುಖ ನೋಡಿ, ಕ್ಲೀನರನ್ನು ಇಳಿಸಿ, ಮುಂದೆ ಹತ್ತಿಸಿಕೊಂಡ. ರಹೀಮ ಅವಳನ್ನು ಎರಡೂ ತೋಳಿನಲ್ಲಿ ಎದೆಗೆ ಒರಗಿಸಿಕೊಂಡು ಕೂತ. ಕುಲ್ಸುಂ ಅವಳ ಪಾದ ಉಜ್ಜುತ್ತಿದ್ದಳು.

"ಅಬ್ಬಾ, ಈ ಲಾರಿ ಎಷ್ಟು ಗಂಟು?"

"ಮೂವತ್ತು ಬೇಟಾ."

"ನಂದು ಏಳು," ಎಂದಳು. ಅದರಲ್ಲಿ ನಾಚಿಕೆ ಇರಲಿಲ್ಲ, ಜಂಬವೇ ಇತ್ತು. ಬೇಗೂರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಅವಳ ಕೈ ಅವನ ತೋರುಬೆರಳನ್ನು ಬಿಟ್ಟಿತು. ರಹೀಮ ಲಾರಿ ನಿಲ್ಲಿಸು ಎನ್ನಲಿಲ್ಲ, ಜೋರಾಗಿ ಹೋಗು ಅಂತಲೂ ಅನ್ನಲಿಲ್ಲ. ಕುಲ್ಸುಂ ಪಾದ ಉಜ್ಜುತ್ತಲೇ ಇದ್ದಳು.

ನಲವತ್ತನೇ ದಿನದ ಫಾತಿಹಾ ಮುಗಿಯಿತು. ಬಂದವರು ಉಂಡು ಹೋದರು. ಚೆಲುವಯ್ಯ ಮಾತ್ರ ಮಧ್ಯಾಹ್ನದವರೆಗೆ ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದ. ಗಂಡಸಿಗೆ ಗಂಡಸು ಹೇಳುವ ಸಮಾಧಾನ ಏನಿರುತ್ತದೆ, ಕೊನೆಗೆ ಎದ್ದು, ಏನಾದರೂ ವ್ಯಾಪಾರದ ಮಾತಾಡಿದರೆ ಇವನ ಮನಸ್ಸು ತಿರುಗೀತು ಎಂದು, "ಒಂದ್ ಬಾವಿ ಹಗ್ಗ ಕೊಡಿ ಸಾಬ್ರೇ, ಹದ್ನಾಕ್ ಮಾರು," ಎಂದ. ಎಂದವನು ಅರಿವಿಲ್ಲದೆ ಎದುರಿಗಿದ್ದ ಮೊಳೆಗೆ ಕೈ ಹಾಕಿದ.

"ಅದನ್ನ ಮುಟ್ಬೇಡ!" ಎಂದು ರಹೀಮ ಕಿರುಚಿದ. "ಅದು ಸುಳ್ಳು ಹಗ್ಗ ಕಣಣ್ಣ. ನೀನು ಎತ್ಗೆ ಸಾಲು ಗಿಡ್ಡ ಮಾಡ್ದಂಗೆ ನಾನು ಗಂಟು ಗಿಡ್ಡ ಮಾಡ್ದೆ. ಮೂರು ಮಾರಿಂದು ಎರಡಕ್ಕೆ ತಂದೆ. ಮಗು ಅಳಬಾರದು ಅಂತ ಮಾಡ್ದೆ."

ಚೆಲುವಯ್ಯ ಕೈ ಹಿಂದಕ್ಕೆ ತೆಗೆದುಕೊಂಡು, ಟವೆಲಿನಿಂದ ಮುಖ ಒರೆಸುತ್ತಾ ಮೆಟ್ಟಿಲಿಳಿದು ಹೋದ.

ಒಳಬಾಗಿಲಲ್ಲಿ ಕುಲ್ಸುಂ ನಿಂತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ರಹೀಮ ತಲೆ ತಗ್ಗಿಸಿದ. ಅವಳು ಒಳಗೆ ಹೋಗಿ ಅಟ್ಟದ ಮೇಲಿನ ಡಬ್ಬಿ ತಂದು ಅವನ ಮುಂದೆ ಇಟ್ಟಳು. ತೂತಿಗೆ ಬಟ್ಟೆ ತುರುಕಿತ್ತು. ಮರಳು ಹಾಗೇ ಇತ್ತು, ಕಡೆಯ ಓಟದಲ್ಲಿ ಸುರಿದದ್ದನ್ನು ಒಟ್ಟುಮಾಡಿ ಮತ್ತೆ ತುಂಬಿಸಿಟ್ಟ ಮರಳು. ಅದು ಗೆರೆಯಲ್ಲಿ ಇರಲಿಲ್ಲ. ಗೆರೆ ಮುಚ್ಚಿ, ಅದರ ಮೇಲೆ ಬೆರಳುದ್ದ ಏರಿ, ಬಾಯಿಯ ಹತ್ತಿರ ಬಂದಿತ್ತು.

ರಹೀಮನಿಗೆ ಮೊದಲು ಅರ್ಥವಾಗಲಿಲ್ಲ.

"ನಾಜೂ ಕೆ ಅಬ್ಬಾ," ಎಂದಳು ಕುಲ್ಸುಂ. "ಅವಳು ಗೋಡೆ ಕಡೆ ತಿರುಗಿ ಮಲಗಿದ ಆ ವಾರ ಒಂದು ಹಿಡಿ ಜಾಸ್ತಿ ಹಾಕಿದೆ. ಆರಾಗಲಿ ಸಾಕು ಅಂತ ಹಾಕಿದೆ. ನೀವು ಏಳು ಅಂದಿರಿ. ಮಗುಗೆ ವಾಸಿಯಾಗ್ತಿದೆ ಅಂತ ನಾನು ಅತ್ತೆ. ಆಮೇಲೆ ಇನ್ನೊಂದು ಹಿಡಿ, ಇನ್ನೊಂದು."

"ಡಾಕ್ಟರ ಹತ್ತಿರ ಯಾಕೆ ಹೇಳಲಿಲ್ಲ?"

"ಹಗ್ಗ ಸರಿ ಇದೆಯಲ್ಲ ಅಂದುಕೊಂಡೆ. ನನ್ನ ಮರಳು ಕಳೆದರೂ ಐದು ಹತ್ತಿರ ಬರುತ್ತೆ, ಇಳಿದಿಲ್ಲ ಅಂದುಕೊಂಡೆ. ನೀವು ನನ್ನ ಕಡೆ ನೋಡಿದಿರಲ್ಲ, ಸುಮ್ಮನಿರು ಅಂತೀರಿ ಅಂದುಕೊಂಡೆ." ಅವಳು ಡಬ್ಬಿಯಿಂದ ಕಣ್ಣೆತ್ತಿದಳು. "ನೀವು ಯಾಕೆ ಹೇಳಲಿಲ್ಲ?"

"ಮರಳು ಸರಿ ಇದೆ ಅಂದುಕೊಂಡೆ," ಎಂದ ರಹೀಮ.

ಹಗ್ಗದವನ ಕಣ್ಣು ಹಗ್ಗದ ಮೇಲಿತ್ತು, ಮರಳಿನವಳ ಕಣ್ಣು ಮರಳಿನ ಮೇಲಿತ್ತು. ಇಬ್ಬರಲ್ಲಿ ಒಬ್ಬರಾದರೂ ಒಮ್ಮೆ ಕಳ್ಳತನದಿಂದ ಪಕ್ಕಕ್ಕೆ ಇಣುಕಿದ್ದರೆ ಸಾಕಾಗಿತ್ತು. ಆದರೆ ಈ ಮನೆಯಲ್ಲಿ ಕಳ್ಳರು ಯಾರೂ ಇರಲಿಲ್ಲ, ಇದ್ದವರು ಬರೀ ತಂದೆ ತಾಯಿ.

ಕುಲ್ಸುಂ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಕೇಳಿದಳು. "ಹಾಗಾದರೆ ಡಾಕ್ಟರಿಗೆ ತೋರಿಸಿದ ವಾರ ಅವಳು ನಿಜವಾಗಿ ಎಷ್ಟು ಓಡಿದ್ದಳು?"

"ಬೇಡ ಕುಲ್ಸುಂ."

"ನನಗೆ ಬೇಕು."

ರಹೀಮ ಎದ್ದು ಹಗ್ಗ ಇಳಿಸಿದ. ಏಳನೆಯ ಗಂಟಿನವರೆಗೆ ತೋಳು ಚಾಚಿ ಚಾಚಿ ಅಳೆದ, ಹದಿನಾಲ್ಕು ಮಾರು. ಮಾರು ಹಾಕುವಾಗ ಪ್ರತಿ ಸಲವೂ ಎರಡು ತೋಳನ್ನು ಅಗಲಕ್ಕೆ ತೆರೆಯಬೇಕು, ಮತ್ತೆ ಎದೆಗೆ ತರಬೇಕು. ಅವನಿಗೆ ಅದನ್ನು ಮಾಡಲಾಗದೆ ಎರಡು ಸಲ ಕೂತುಕೊಂಡ. ಕುಲ್ಸುಂ ಅಷ್ಟರಲ್ಲಿ ಗೆರೆಯವರೆಗೆ ಬಿಟ್ಟು ಮೇಲಿನ ಮರಳನ್ನು ನೆಲದ ಮೇಲೆ ಸುರಿದಳು. ಆಮೇಲೆ ಕೆಳಗಿನದನ್ನೂ ಪಕ್ಕದಲ್ಲಿ ಸುರಿದು, ಅಂಗೈಯಲ್ಲಿ ಸವರಿ ಗುಡ್ಡೆ ಮಾಡಿದಳು. ಒಟ್ಟು ಮರಳಿನ ಮೂರು ಪಾಲಿನಲ್ಲಿ ಒಂದು ಪಾಲು ಅವಳು ಸೇರಿಸಿದ್ದು.

ರಹೀಮನಿಗೆ ಕಾಗದದ ಲೆಕ್ಕ ಬಾರದು, ಹಗ್ಗದ ಲೆಕ್ಕ ಬರುತ್ತದೆ. ಹದಿನಾಲ್ಕು ಮಾರನ್ನು ಮೂರು ಮಡಿಕೆ ಮಾಡಿ, ಹೆಚ್ಚಿನ ಮರಳಿನ ಪಾಲಿಗೆ ಒಂದು ಮಡಿಕೆಯನ್ನು ಬಿಟ್ಟ. ಉಳಿದದ್ದನ್ನು ಮತ್ತೆ ಮಾರು ಹಾಕಿದ. ಒಂಬತ್ತು, ಮೇಲೆ ಒಂದು ಗೇಣು ಮೊಳ ಏನೋ ಉಳಿಯಿತು. ಮೂರು ಮೂರು ಮಾರಿಗೆ ಒಂದು ಗಂಟು.

"ಎಷ್ಟು?" ಎಂದಳು ಕುಲ್ಸುಂ.

"ಮೂರು."

ಬೀದಿಯಲ್ಲಿ ದೊಡ್ಡಮಾದಮ್ಮ ಗೋಣಿ ಕೊಡವಿ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಅವಳಾಚೆ ಹುಣಸೆಮರ ಎಲ್ಲಿತ್ತೋ ಅಲ್ಲೇ ಇತ್ತು. ಕುಲ್ಸುಂ ಎರಡು ಗುಡ್ಡೆ ಮರಳಿನ ನಡುವೆ ಕೂತು, ಯಾವುದು ಮಗಳದು ಯಾವುದು ತನ್ನದು ಎಂದು ಮರೆತವಳ ಹಾಗೆ, ಎರಡನ್ನೂ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಮೂರು ಗಂಟು ಓಡಲು ಎದೆ ಒಡೆದುಕೊಳ್ಳುತ್ತಿದ್ದ ಮಗುವನ್ನು ಅವರಿಬ್ಬರೂ ಸೇರಿ ಏಳು ಗಂಟು ಓಡಿಸಿದ್ದರು.